ಕುಡಿಯದ ಬೊಗಸೆ ನೀರು

ಆ ಪದಕ್ಕೆ ವಿಶಾಖಾ ಬೆರಳಿಟ್ಟಿದ್ದು ಜಗದೀಶ ಮಾಸ್ತರರ ಮೊಬೈಲಿನಲ್ಲಿ. ಸರ್ಕಾರದ ಸಮೀಕ್ಷೆಗೆಂದು ಮನೆಮನೆ ತಿರುಗುತ್ತಿದ್ದ ಮಾಸ್ತರರು ಅವತ್ತು ರಾಯಚೂರಿನಲ್ಲಿ ಅವಳಿದ್ದ ಬಾಡಿಗೆ ಕೋಣೆಯ ಹೊಸ್ತಿಲ ಮೇಲೆ ಕೂತು, ಬೆವರು ಒರೆಸಿಕೊಳ್ಳುತ್ತ, ಒಂದೊಂದೇ ಪ್ರಶ್ನೆ ಕೇಳಿ ಒತ್ತುತ್ತಿದ್ದರು. ಹೆಸರು ವಿಶಾಖಾ. ವಯಸ್ಸು ಇಪ್ಪತ್ತಮೂರು. ಓದು ಒಂಬತ್ತನೇ ತರಗತಿ, ಅದೂ ಅರ್ಧ. ಕೆಲಸ ಹೂ ಕಟ್ಟುವುದು. ಧರ್ಮ ಎಂದಾಗ ಅವಳು ಸುಮ್ಮನಾದಳು. ಮಾಸ್ತರರು ಬೇಸತ್ತು ಮೊಬೈಲನ್ನೇ ಅವಳ ಕಡೆ ತಿರುಗಿಸಿದರು. ಉದ್ದನೆಯ ಪಟ್ಟಿ. ಎಲ್ಲರ ಹೆಸರೂ ಮುಗಿದ ಮೇಲೆ, ಕೆಳಗೆಲ್ಲೋ, ನಾಸ್ತಿಕರು ಎಂದಿತ್ತು.

“ಇದು ಒತ್ರಿ ಸರ್.”

“ಬಟ್ಟು ತಪ್ಪಿ ಇಟ್ಟಿ ನೋಡವ್ವ.”

“ಇಲ್ರಿ. ಅದಽ.”

ಮಾಸ್ತರರು ಅವಳ ಮುಖ ನೋಡಿದರು, ಗೋಡೆ ನೋಡಿದರು. ಗೋಡೆಗೆ ಬುದ್ಧನ ಪಟವಿತ್ತು, ಬುದ್ಧನ ಹಣೆಗೆ ಒಣಗಿದ ಕುಂಕುಮವಿತ್ತು. “ಮನ್ಯಾಗ ಯಾರನ್ನರ ಕೇಳ್ತೀಯೇನು?”

“ಮನ್ಯಾಗ ನಾನೊಬ್ಬಾಕೇ ಇರಾದ್ರಿ.”

ಅವರು ಒತ್ತಿದರು. ಮುಂದಿನ ಪ್ರಶ್ನೆಗೆ ಹೋದರು. ವಿಶಾಖಾಳ ಮನಸ್ಸು ಮಾತ್ರ ಆ ಪ್ರಶ್ನೆಯಲ್ಲೇ ನಿಂತಿತ್ತು. ಯಾರ ಎದುರೂ ದನಿ ಎತ್ತದವಳು, ಸಂತೆಯಲ್ಲಿ ತೂಕ ಕಮ್ಮಿ ಕೊಟ್ಟರೂ ಸುಮ್ಮನೆ ಚೀಲ ಮಡಚಿಕೊಂಡು ಬರುವವಳು, ಒಂದು ಬೆರಳಿನಿಂದ ಇಷ್ಟು ದೊಡ್ಡ ಮಾತು ಆಡಿಬಿಟ್ಟಿದ್ದಳು.

ಅವಳೇನು ದೇವರ ಮೇಲೆ ಸಿಟ್ಟಾಗಿ ಬಿಟ್ಟವಳಲ್ಲ. ಬುದ್ಧನ ಪಟ ತಂದವನು ಅಪ್ಪ ಶೇಖರ, ವಿಶಾಖಾ ಎಂದು ಹೆಸರಿಟ್ಟವನೂ ಅವನೇ. ಪಟಕ್ಕೆ ಕುಂಕುಮ ಹಚ್ಚಿದವಳು ಅಜ್ಜಿ, ವಿಶಾಖಾಳ ಬಾಯಲ್ಲಿ ಆಯಿ. ಹೆತ್ತ ತಾಯಿ ಅವಳಿಗೆ ನೆನಪಿಲ್ಲ. ಹತ್ತಿ ಮಿಲ್ಲಿನಲ್ಲಿ ಗಂಟು ಹೊರುತ್ತಿದ್ದ ಅಪ್ಪ ಅವಳು ಒಂಬತ್ತನೇ ತರಗತಿಯಲ್ಲಿದ್ದಾಗ ಜ್ವರ ಬಂದು ಸತ್ತ. ಆಗಲೂ ಅವಳು ಕೈಮುಗಿಯುತ್ತಿದ್ದಳು. ಹೂವಿನ ಕೆಲಸಕ್ಕೆ ಸೇರಿದ ಎಷ್ಟೋ ದಿನಗಳ ಮೇಲೆ, ಒಂದು ಬೆಳಿಗ್ಗೆ, ತಾನು ಕೈಮುಗಿದು ತಿಂಗಳ ಮೇಲಾಯಿತಲ್ಲ ಎಂದು ಗೊತ್ತಾಯಿತು. ಏನಾದರೂ ಕಮ್ಮಿಯಾಗಿದೆಯಾ ಎಂದು ಒಳಗೆಲ್ಲ ಹುಡುಕಿ ನೋಡಿದಳು. ಏನೂ ಕಮ್ಮಿಯಾಗಿರಲಿಲ್ಲ. ಅಷ್ಟೇ.

ಇದನ್ನು ಅವಳು ಹೇಳಿದ್ದು ಒಬ್ಬಳಿಗೆ, ದೇವದುರ್ಗದ ಸೂಗಮ್ಮತ್ತೆಗೆ. ಸೂಗಮ್ಮ ಅಪ್ಪನ ಅಕ್ಕ. ಗಂಡ ಬಿಟ್ಟ ಮೇಲೆ ತವರಿಗೆ ಬಂದವಳು, ಅಪ್ಪ ಸತ್ತ ಮೇಲೆ ವಿಶಾಖಾಳನ್ನು ಸಾಕಿದವಳು, ಹಾಸಿಗೆ ಹಿಡಿದ ಅಜ್ಜಿಯನ್ನು ನಾಲ್ಕು ವರ್ಷ ಎತ್ತಿ ಇಳಿಸಿದವಳು.

“ನಾಸ್ತಿಕರಾ?” ಎಂದು ಸೂಗಮ್ಮ ಫೋನಿನಲ್ಲಿ ನಕ್ಕಿದ್ದಳು. “ಅದೇನ್ ಬೇ, ಹೊಸಾ ಜಾತೀನಾ? ಮೀಸಲಾತಿ ಅದ ಏನು ಅದಕ್ಕ?”

“ಇಲ್ಲತ್ತಿ.”

“ಮತ್ಯಾಕ ಬರಿಸೀದಿ, ಖೋಡಿ?”

ನಗು ಅಲ್ಲಿಗೆ ಮುಗಿದಿತ್ತು. ಅಜ್ಜಿ ಸತ್ತ ಮೇಲೆ ಅದೇ ಮಾತು ಬೇರೆ ರೂಪದಲ್ಲಿ ತಿರುಗಿ ಬಂತು.

*

ಅಜ್ಜಿ ಸತ್ತದ್ದು ಮಟಮಟ ಮಧ್ಯಾಹ್ನ. ಎರಡು ದಿನದಿಂದ ಊಟ ಬಿಟ್ಟಾಳ, ಬಾ ಎಂದು ಅತ್ತೆ ಕರೆದಿದ್ದಕ್ಕೆ ವಿಶಾಖಾ ಬಂದಿದ್ದಳು. ನಲ್ಲಿಗೆ ನೀರು ಬಿಟ್ಟರೆಂದು ಅತ್ತೆ ಕೊಡ ತೆಗೆದುಕೊಂಡು ಓಡಿದಳು. ಅವಳು ಪಾಳಿಯಲ್ಲಿ ನಿಂತಿದ್ದಾಗಲೇ ಇಲ್ಲಿ ಉಸಿರು ನಿಂತಿತು. ಹತ್ತಿರ ಇದ್ದವಳು ವಿಶಾಖಾ ಒಬ್ಬಳೇ.

ಮನೆಯೆಂದರೆ ಎರಡು ಕೋಣೆ, ಮುಂದೊಂದು ತಗಡಿನ ಪಡಸಾಲೆ. ಆದರೆ ರಸ್ತೆಗೆ ಹತ್ತಿದ ಜಾಗ. ಪಟ್ಟಾ ಮಾಡಿಸುವಾಗ ಓದು ಬಲ್ಲವನೆಂದು ಅಪ್ಪನ ತಮ್ಮ, ಕಾಕಾ ಪಂಪಾಪತಿ ಓಡಾಡಿದ್ದ. ಪಟ್ಟಾ ಅವನ ಹೆಸರಿಗೇ ಆಯಿತು. ಆಗ ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಅವನು ಮಾನ್ವಿಯ ಒಂದು ಕಚೇರಿಯಲ್ಲಿ ಗುಮಾಸ್ತ, ಅಲ್ಲೇ ಮನೆ ಕಟ್ಟಿಸಿದ್ದಾನೆ. ಕೆಟ್ಟವನಲ್ಲ. ಶನಿವಾರ ಒಪ್ಪತ್ತು, ಸೋಮವಾರ ಒಪ್ಪತ್ತು, ತಾಯಿಗೆ ತಪ್ಪದೆ ಔಷಧಿ ಕಳಿಸಿದವನು. ಒಂಬತ್ತನೇ ದಿನದ ಕಾರ್ಯ ಮುಗಿದು ಎಲ್ಲರೂ ಉಂಡು ಕೂತಾಗ ಅವನು ಮೆಲ್ಲಗೆ, ಹಳೇ ಮನೆ ಕೆಡವಿ ಮೂರು ಮಳಿಗೆ ಕಟ್ಟಿಸಬೇಕೆಂದಿದ್ದೇನೆ, ಅಕ್ಕ ಮಾನ್ವಿಗೆ ಬಂದು ನಮ್ಮ ಹತ್ತಿರ ಇರಲಿ ಎಂದ.

ಮಾನ್ವಿಯಲ್ಲಿ ಕಾಕಾನ ಹೆಂಡತಿಯ ಅಡುಗೆಮನೆಯಲ್ಲಿ ತಾನು ಏನಾಗಿ ಇರುತ್ತೇನೆಂಬುದು ಸೂಗಮ್ಮನಿಗೆ ಗೊತ್ತಿತ್ತು. ಅವಳ ಮುಖ ಕೆಂಪಾಯಿತು. ಬಾಯಿಂದ ಮಾತು ಹಾರಿತು.

“ಮನಿ ನನಗ ಅಂತ ಅವ್ವ ಅಂದಾಳ! ಜೀವ ಹೋಗೂಮುಂದ ಅಂದಾಳ. ವಿಶಾಖಾ ಕೇಳ್ಯಾಳ, ಕೇಳ್ರಿ ಆಕಿನ್ನ!”

ಎಲ್ಲರೂ ತಿರುಗಿದರು. ವಿಶಾಖಾ ಎಲೆ ಎತ್ತುತ್ತಿದ್ದವಳು ಎಂಜಲು ಕೈಯಲ್ಲಿ ಹಾಗೇ ನಿಂತಳು. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಅವಳ ನಾಚಿಕೆ ಎಲ್ಲರಿಗೂ ಗೊತ್ತಿದ್ದರಿಂದ ಆ ಮೌನವನ್ನು ಹೌದೆಂದೇ ತಿಳಿದರು.

ಪಂಪಾಪತಿಯ ಮುಖ ಬಿಳಿಚಿತು. “ಅವ್ವ ಹಂಗಂದಿದ್ರ ನಾನು ಒಂದ್ ಮಾತೂ ಆಡೂದಿಲ್ಲ. ನಾಳೇನಽ ಅಕ್ಕನ ಹೆಸರಿಗಿ ಮಾಡಿಸ್ತೀನಿ. ಆದ್ರ ಅಂದದ್ದು ಖರೇ ಇರಬೇಕು. ಮುತ್ಯಾ, ನೀ ಹೇಳು.”

ಮೌನಪ್ಪ ಮುತ್ಯಾ ಮನೆತನಕ್ಕೆ ಹಿರಿಯ. ಇಂಥದಕ್ಕೆ ಅವರ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಸಾಯುವವರ ಮಾತಿಗೆ ತಕರಾರು ಬಂದರೆ, ಹತ್ತಿರವಿದ್ದವರು ಹೊಳೆದಂಡೆಯ ಊರು ಗೂಗಲ್‌ಗೆ ಹೋಗಿ, ಕೃಷ್ಣೆಯಲ್ಲಿ ಮೂರು ಮುಳುಗು ಹಾಕಿ, ಒದ್ದೆ ಬಟ್ಟೆಯಲ್ಲಿ ಅಲ್ಲಮಪ್ರಭುವಿನ ಗುಡಿಯ ಕಡೆ ಮುಖಮಾಡಿ, ಬೊಗಸೆಯಲ್ಲಿ ಹೊಳೆ ನೀರು ಹಿಡಿದು, ಅದರಲ್ಲೊಂದು ಹೂ ಇಟ್ಟು, ಕೇಳಿದ್ದನ್ನು ಹೇಳಿ, ಆ ನೀರು ಕುಡಿಯಬೇಕು. ಸುಳ್ಳು ಹೇಳಿ ಕುಡಿದ ಒಬ್ಬ ದೊಡ್ಡಪ್ಪನಿಗೆ ವರ್ಷದೊಳಗೆ ಬಾಯಿ ಸೊಟ್ಟಗಾದ ಕಥೆ ಮನೆಯಲ್ಲಿ ಎಲ್ಲ ಮಕ್ಕಳಿಗೂ ಗೊತ್ತು.

“ಮುಂದಿನ ಐತಾರ ಗೂಗಲ್‌ಗಿ ಹೋಗೂಣು,” ಎಂದ ಮೌನಪ್ಪ. “ಹುಡುಗಿ ನೀರ್ ಹಿಡೀಲಿ.”

ಎಲ್ಲರೂ ಹೋದ ಮೇಲೆ ವಿಶಾಖಾ ಪಾತ್ರೆ ತಿಕ್ಕುತ್ತ ಕೇಳಿದಳು. “ಆಯಿ ಹಂಗ ಅನ್ಲಿಲ್ಲಲ್ಲ, ಅತ್ತಿ.”

“ನನಗ ಗೊತ್ತಿಲ್ಲೇನು?” ಸೂಗಮ್ಮ ಪಕ್ಕಕ್ಕೆ ಬಂದು ಕುಕ್ಕರಗಾಲಲ್ಲಿ ಕೂತಳು. ದನಿ ಇಳಿಸಿದಳು. “ಬಾಯಿ ಜಾರ್ತು. ಈಗ ತಿರುಗಿ ಅಂದ್ರ ಊರಾಗ ಮುಖ ಹೆಂಗ ತೋರಿಸ್ಲಿ? ನೀ ಒಂದ್ ಬೊಗಸಿ ನೀರ್ ಕುಡಿ, ಸಾಕು.”

“ಸುಳ್ಳಾಣಿನಾ?”

“ನಿನಗ್ಯಾಕ ಅಂಜಿಕಿ? ಬ್ಯಾರೇರಿಗಾದ್ರ ದೇವರು ಬಾಯಿ ಸೊಟ್ಟ ಮಾಡ್ತಾನ, ಕಣ್ಣು ಕಳೀತಾನ. ನಿನಗ ದೇವರಽ ಇಲ್ಲಲ್ಲ ಬೇ! ಸರ್ಕಾರದಾಗ ಬರಿಸೀದಿ. ನಾ ಆಗಿದ್ರ ಸಾಯ್ತಿದ್ದೆ, ನಾ ನಂಬಾಕಿ. ಈ ಮನಿತನದಾಗ ಈ ಕೆಲಸ ಮಾಡೂ ತಾಕತ್ತು ನಿನಗೊಬ್ಬಾಕಿಗಽ ಅದ.”

ಅತ್ತೆ ಇದನ್ನು ಮೋಸವೆಂದು ಹೇಳಿರಲಿಲ್ಲ. ನಿನಗೆ ಸೈಕಲ್ ಬರುತ್ತದಲ್ಲ, ಅಂಗಡಿಗೆ ನೀನೇ ಹೋಗಿ ಬಾ ಎಂಬಷ್ಟು ಸಹಜವಾಗಿ ಹೇಳಿದ್ದಳು. ಹೇಳುತ್ತ ವಿಶಾಖಾಳ ಕೈಯಿಂದ ಪಾತ್ರೆ ಕಸಿದುಕೊಂಡು ತಾನೇ ತಿಕ್ಕತೊಡಗಿದ್ದಳು. ಆ ಕೈಯ ಗೆಣ್ಣುಗಳು ಅಜ್ಜಿಯನ್ನು ಎತ್ತಿ ಎತ್ತಿ ಬಾತಿದ್ದವು.

*

ರಾಯಚೂರಿಗೆ ತಿರುಗಿ ಬಂದ ಮೇಲೆ ವಿಶಾಖಾಳಿಗೆ ಕೂತಲ್ಲಿ ಕೂರಲಾಗಲಿಲ್ಲ.

ತೀನ್ ಕಂದೀಲ್ ವೃತ್ತದ ಹತ್ತಿರ ನೂರ್ ಬೀಯ ಹೂವಿನಂಗಡಿ. ಗುಡಿಗೆ ಮಾಲೆ, ದರ್ಗಾಕ್ಕೆ ಹೂವಿನ ಚಾದರ, ಮದುವೆಯಲ್ಲಿ ವರನ ಮುಖಕ್ಕೆ ಇಳಿಬಿಡುವ ಸೆಹರಾ, ಎಲ್ಲವೂ ಅದೇ ಒದ್ದೆ ಗೋಣಿಚೀಲದ ಮೇಲೆ ತಯಾರಾಗುತ್ತಿತ್ತು. ಕೆಲಸಕ್ಕೆ ಸೇರಿದ ಮೊದಲ ದಿನ ವಿಶಾಖಾ ಒಂದು ಹಿಡಿ ಮಲ್ಲಿಗೆಯನ್ನು ಮೂಗಿಗೆ ಹಿಡಿದಾಗ ನೂರ್ ಬೀ ಅವಳ ಕೈಗೆ ಚಟ್ಟನೆ ಹೊಡೆದಿದ್ದಳು. ಮಾರುವ ಹೂವು ಮೂಸಬಾರದು. ಮೂಸಿದ್ದು ದೇವರಿಗೆ ಏರುವುದಿಲ್ಲ. ಐದು ವರ್ಷವಾಯಿತು, ಅವಳು ಮತ್ತೆ ಮೂಸಿಲ್ಲ. ನಂಬಿಕೆ ಹೋದ ಮೇಲೂ ಮೂಸಿಲ್ಲ. ಯಾಕೆಂದು ಯೋಚಿಸಿರಲಿಲ್ಲ. ಈ ವಾರ ಯೋಚಿಸಿದಳು. ಯೋಚಿಸುತ್ತ ಗುಲಾಬಿಯ ಸಾಲಿನಲ್ಲಿ ಸೇವಂತಿಗೆ ಪೋಣಿಸಿದಳು, ಬಿಚ್ಚಿದಳು, ಮತ್ತೆ ಅದನ್ನೇ ಪೋಣಿಸಿದಳು.

“ಕ್ಯಾ ಹುವಾ ಬೇಟಿ? ದಾರ ತಿನ್ನಾಕತ್ತೀಯೇನು, ಹೂವ ಕಟ್ಟಾಕತ್ತೀಯೇನು?” ನೂರ್ ಬೀ ಕನ್ನಡಕದ ಮೇಲಿಂದ ನೋಡಿದಳು.

“ಖಾಲಾ, ಒಬ್ಬಾಕಿ ದೇವರನ್ನ ನಂಬೂದಿಲ್ಲ ಅಂತ ತಿಳ್ಕೋ. ಆಕಿ ಹೂವ ಮೂಸಿ ಮಾರಿದ್ರ?”

“ಯಾರು ನಂಬೂದಿಲ್ಲ, ನೀನಾ?”

ವಿಶಾಖಾ ತಲೆ ತಗ್ಗಿಸಿದಳು. ನೂರ್ ಬೀ ದಾರ ಹಲ್ಲಿನಿಂದ ಕತ್ತರಿಸಿ, “ಅದರಾಗೇನದ?” ಎಂದಳು. “ನಮ್ಮ ಮನ್ಯಾಗೂ ಅದಾರ. ನಮ್ಮ ಶಕೀಲ್ ಈದ್ ಬಿಟ್ರ ಮಸೀದಿ ಮೆಟ್ಟಲಾ ಹತ್ತೂದಿಲ್ಲ. ನಾವು ಅದಕ್ಕ ಹೆಸರಿಡೂದಿಲ್ಲ, ಅಷ್ಟಽ. ಹೆಸರಿಟ್ಯೋ, ಜನಾ ಬೆನ್ನಿಗಿ ಬೀಳ್ತಾರ.”

“ಮೂಸಿ ಮಾರಿದ್ರ ಅಂತ ಕೇಳ್ದೆ.”

“ಯಾರಿಗಿ ಗೊತ್ತಾಗ್ತದ?” ನೂರ್ ಬೀ ಎದುರಿನ ಗಿರಾಕಿಗೆ ಎರಡು ಮೊಳ ಅಳೆದು ಕೊಟ್ಟಳು. ಹೊಸ ಮದುಮಗಳು. ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು, ಸೆರಗು ಮುಚ್ಚಿಕೊಂಡು ಹೋದಳು. “ಹೇಳು, ನೀ ಯಾಕ ಮೂಸೂದಿಲ್ಲ ಮತ್ತ?”

ವಿಶಾಖಾ ಆ ಹುಡುಗಿ ಸಂದಿ ತಿರುಗುವವರೆಗೂ ನೋಡಿದಳು. “ಅದು ಆಕೀದು, ನನ್ನದಲ್ಲ,” ಎಂದಳು.

ಹೇಳಿದ ಮೇಲೂ ನೆಮ್ಮದಿಯಾಗಲಿಲ್ಲ. ಅತ್ತೆಯ ಮನೆ ಯಾರದು ಹಾಗಾದರೆ? ನಾಲ್ಕು ವರ್ಷ ಅಲ್ಲಿ ಗಂಜಿ ಕಾಸಿದವಳದಲ್ಲವೆ? ಒಂದು ಬೊಗಸೆ ನೀರು ಕುಡಿದರೆ ಯಾರ ಬಾಯಿಯೂ ಸೊಟ್ಟಗಾಗುವುದಿಲ್ಲ. ಒಂದು ಜೀವ ನೆಲೆಯಾಗುತ್ತದೆ. ಇನ್ನೊಂದು ಕಡೆ, ನಂಬದವಳೆಂದರೆ ಸುಳ್ಳು ಹೇಳಬಲ್ಲವಳು ಎಂದು ಅವಳನ್ನು ಸಾಕಿದವಳೇ ಅಷ್ಟು ಸಲೀಸಾಗಿ ತಿಳಿದುಕೊಂಡದ್ದು ಕಾಲಿಗೆ ಚುಚ್ಚಿದ ಜಾಲಿಮುಳ್ಳಿನ ಹಾಗೆ ಒಳಗೇ ಮುರಿದಿತ್ತು. ಇದಲ್ಲದೆ ಇನ್ನೊಂದಿತ್ತು. ಅಜ್ಜಿಯ ಕೊನೆ ಗಳಿಗೆಯಲ್ಲಿ ಅವಳು ನಿಜವಾಗಿಯೂ ಒಂದು ಸುಳ್ಳು ಹೇಳಿದ್ದಳು. ಅದನ್ನು ಅತ್ತೆಗೂ ಹೇಳಿರಲಿಲ್ಲ. ಆಗ ಸಲೀಸಾಗಿ ಬಂದ ಸುಳ್ಳು ಈಗ ಯಾಕೆ ಬರಬಾರದು? ಅವಳು ಬಸ್ ಸ್ಟ್ಯಾಂಡಿನವರೆಗೆ ನಡೆದು, ಸುಮ್ಮನೆ ತಿರುಗಿ ಬಂದಳು. ಮರುದಿನವೂ ಹಾಗೇ ಮಾಡಿದಳು.

ಭಾನುವಾರ ಬೆಳಿಗ್ಗೆ ನೂರ್ ಬೀಯ ಬುಟ್ಟಿಯಿಂದ ಒಂದು ಹಿಡಿ ಮಲ್ಲಿಗೆ ಎಲೆಯಲ್ಲಿ ಸುತ್ತಿಕೊಂಡು ಬಸ್ ಹತ್ತುವಾಗಲೂ ತಾನು ಏನು ಹೇಳುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ.

*

ದೇವದುರ್ಗದಿಂದ ಒಂದು ಕ್ರೂಸರ್ ಗಾಡಿಯಲ್ಲಿ ನಾಲ್ವರೂ ಹೋದರು. ಮುಂದೆ ಮೌನಪ್ಪ, ನಡುವೆ ಪಂಪಾಪತಿ, ಹಿಂದೆ ಅತ್ತೆ ಸೊಸೆ. ದಾರಿಯುದ್ದಕ್ಕೂ ಸೂಗಮ್ಮ ಅವಳ ಮಣಿಕಟ್ಟು ಹಿಡಿದೇ ಇದ್ದಳು. ಅಂಜುವ ಮಗುವನ್ನು ಹಿಡಿದಂತೆಯೂ ಇತ್ತು, ಓಡಿಹೋಗುವ ಕುರಿಯನ್ನು ಹಿಡಿದಂತೆಯೂ ಇತ್ತು.

ಹೊಳೆ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ವಿಶಾಖಾ ಕಲ್ಲಿನ ಮೇಲೆ ಚಪ್ಪಲಿ ಬಿಟ್ಟು ಇಳಿದಳು. ನೀರು ಸೊಂಟಕ್ಕೆ ಬಂದಾಗ ಮೂರು ಸಲ ಮುಳುಗಿದಳು. ಮೂರನೆಯ ಸಲ ಮೇಲೆದ್ದಾಗ ದಡದಲ್ಲಿ ಮೂವರ ಮುಖಗಳೂ ಒಂದೇ ಥರ ಕಂಡವು. ಬಾಯಿ ಸ್ವಲ್ಪ ತೆರೆದು, ಉಸಿರು ಹಿಡಿದು ನಿಂತಿದ್ದರು. ಕಾಕಾ ಕೈಮುಗಿದಿದ್ದ. ಅವನ ತುಟಿ ಅಲುಗುತ್ತಿತ್ತು. ಅವನು ಗೆಲ್ಲಲೆಂದು ಬೇಡಿಕೊಳ್ಳುತ್ತಿಲ್ಲ, ಅವ್ವ ಏನಂದಳೆಂದು ತಿಳಿಯಲಿ ಎಂದು ಬೇಡಿಕೊಳ್ಳುತ್ತಿದ್ದಾನೆ ಎಂದು ಅವಳಿಗೆ ಥಟ್ಟನೆ ಅನ್ನಿಸಿತು. ಆ ಮುಖ, ಅಂಗಡಿಗೆ ಬಂದಿದ್ದ ಮದುಮಗಳ ಹಾಗೆ, ಹೂವಿನ ಪೊಟ್ಟಣ ಎರಡೂ ಕೈಯಲ್ಲಿ ಹಿಡಿದ ಮುಖವಾಗಿತ್ತು.

ಅವಳು ದಡದ ಹತ್ತಿರಕ್ಕೆ ಬಂದು, ಗುಡಿಯ ಕಡೆ ತಿರುಗಿ, ಬೊಗಸೆಯಲ್ಲಿ ನೀರು ತುಂಬಿಕೊಂಡಳು. ಮೌನಪ್ಪ ದಡದಿಂದಲೇ ಬಾಗಿ, ಅವಳು ತಂದಿದ್ದ ಎಲೆ ಪೊಟ್ಟಣದಿಂದ ಒಂದು ಮಲ್ಲಿಗೆ ಅದರಲ್ಲಿ ಇಟ್ಟ.

“ಹೇಳವ್ವ. ನಿಮ್ಮಾಯಿ ಏನಂದ್ಲು?”

ನೀರು ಬೆರಳ ಸಂದಿಯಿಂದ ಸೋರುತ್ತಿತ್ತು. ಅವಳು ಅತ್ತೆಯನ್ನು ನೋಡಲಿಲ್ಲ.

“ಮನಿ ಬಗ್ಗೆ ಏನೂ ಅನ್ಲಿಲ್ಲ.”

ಸೂಗಮ್ಮ ಹ್ಞಾಂ ಎಂದು ಉಸಿರೆಳೆದದ್ದು ಹೊಳೆಯ ಸಪ್ಪಳದಲ್ಲೂ ಕೇಳಿಸಿತು.

“ನೀರ್ ಬೇಡಿದ್ಲು. ‘ಸೂಗಿ, ನೀರ್ ತಾ’ ಅಂದ್ಲು. ನಾ ಕೊಟ್ಟೆ. ಕಣ್ಣು ಕಾಣ್ತಿರಲಿಲ್ಲ ಆಕೀಗಿ. ನನ್ನ ಕೈ ಹಿಡದು ‘ಸೂಗೀನಾ?’ ಅಂತ ಕೇಳಿದ್ಲು. ನಾ... ನಾ ಹ್ಞೂಂ ಅಂದೆ. ‘ಹ್ಞೂಂ ಯವ್ವಾ, ಸೂಗೀನಽ’ ಅಂದೆ. ಆಮ್ಯಾಲೆ ಕುಡುದ್ಲು. ಅಷ್ಟಽ.”

ಒಂದು ಎಮ್ಮೆ ದೂರದಲ್ಲಿ ನೀರಿನಿಂದ ಏಳುತ್ತ ಮೈ ಜಾಡಿಸಿತು.

“ನೀರ್ ಕುಡಿ,” ಎಂದ ಮೌನಪ್ಪ.

“ಕುಡಿಯೂದಿಲ್ಲ ಮುತ್ಯಾ.”

“ಯಾಕ?”

ಈಗ ಅವಳಿಗೆ ಮೈಯೆಲ್ಲ ಚಳಿ ಹತ್ತಿತು. ಮೊಬೈಲಿನ ಮೇಲೆ ಬೆರಳಿಟ್ಟಷ್ಟು ಸುಲಭವಲ್ಲ ಇದು. “ನಾ ದೇವರನ್ನ ನಂಬೂದಿಲ್ಲ. ನಂಬಲಾರದ ಕುಡುದ್ರ ಅದೂ ನಿಮಗ ಸುಳ್ಳು ಹೇಳಿದಂಗ. ನಾ ಹೇಳಿದ್ದು ಖರೇ ಅದ. ನೀರಿಲ್ಲದನಽ ಖರೇ ಅದ.”

“ಏನಂದಿ?” ಪಂಪಾಪತಿ ಮುಂದೆ ಬಂದ. “ದೇವರನ್ನ ನಂಬೂದಿಲ್ಲಾ? ಮತ್ತ ನಿನ್ನ ಮಾತು ಹೆಂಗ ನಂಬೂದು? ಕುಡಿ ಅದನ್ನ! ನನ್ನ ಕಡೀನಽ ಹೇಳೀದಿ, ಕುಡಿಯಾಕೇನ್ ಕಷ್ಟ?”

“ನಿನ್ನ ಕಡಿ ಹೇಳ್ಲಿಲ್ಲ ಕಾಕಾ. ಇದ್ದದ್ದು ಹೇಳ್ದೆ.”

“ಮುತ್ಯಾ, ಕುಡೀಲಿಕ್ಕೆ ಹೇಳು! ಇಲ್ಲಂದ್ರ ನನಗ ತಿಳೂದು ಹೆಂಗ? ನಾಳಿ ಮನಿ ಕೆಡವಿದ ಮ್ಯಾಲೆ ಅವ್ವ ಅಂದಿದ್ದು ಖರೇ ಇದ್ದಿತ್ತು ಅಂದ್ರ? ನನ್ನ ಮಕ್ಕಳಿಗಿ ಏನರ ಆದ್ರ?”

ಮೌನಪ್ಪ ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ, ಬಹಳ ಹೊತ್ತು ಹಣೆ ಒರೆಸಿಕೊಂಡ. ಎಂಬತ್ತು ವರ್ಷದಲ್ಲಿ ಸುಳ್ಳಾಣೆ ಕೇಳಿದ್ದ, ಖರೇ ಆಣೆ ಕೇಳಿದ್ದ. ಆಣೆಯೇ ಬೇಡವೆಂದವರನ್ನು ಕಂಡಿರಲಿಲ್ಲ.

“ನಂಬದಾಕಿ ಬಾಯಾಗ ಖರೇನೂ ಆಣಿ ಆಗೂದಿಲ್ಲ, ಸುಳ್ಳೂ ಆಣಿ ಆಗೂದಿಲ್ಲ,” ಎಂದ ಕೊನೆಗೆ. “ಆಣಿ ನಡದಽ ಇಲ್ಲ ಅಂತ ತಿಳ್ಕೋರಿ. ಪಂಪಾಪತಿ, ನಿನಗ ಧೈರ್ಯ ಇದ್ರ ಮನಿ ಕೆಡವು. ಇಲ್ಲಂದ್ರ ಇದ್ದದ್ದು ಇದ್ದಂಗ ಇರ್ಲಿ.”

ಪಂಪಾಪತಿ ಗುಡಿಯ ಕಡೆ ನೋಡಿದ, ಹೊಳೆ ಕಡೆ ನೋಡಿದ. ಅವನಿಗೆ ಧೈರ್ಯವಿರಲಿಲ್ಲ. “ಉಗಾದಿ ತನಕ ಇರ್ಲಿ,” ಎಂದ. ಆಮೇಲೆ ಯಾರನ್ನೂ ನೋಡದೆ, “ಉಗಾದಿ ಆದಮ್ಯಾಲೆ ನೋಡೂಣು,” ಎಂದ.

ವಿಶಾಖಾ ಬೊಗಸೆ ಬಿಚ್ಚಿದಳು. ಉಳಿದಿದ್ದ ಗುಟುಕು ನೀರು ಹೊಳೆಗೆ ಬಿತ್ತು. ಮಲ್ಲಿಗೆ ಅಂಗೈಗೇ ಅಂಟಿಕೊಂಡಿತ್ತು.

*

ತಿರುಗಿ ಬರುವಾಗ ಸೂಗಮ್ಮ ಮುಂದಿನ ಸೀಟಿನಲ್ಲಿ ಮೌನಪ್ಪನ ಪಕ್ಕ ಕೂತಳು. ಒಂದು ಸಲವೂ ಹಿಂದೆ ನೋಡಲಿಲ್ಲ. ವಿಶಾಖಾ ಒಣಬಟ್ಟೆ ಉಟ್ಟು, ಒದ್ದೆ ಬಟ್ಟೆಯ ಗಂಟು ಕಾಲಬುಡದಲ್ಲಿ ಇಟ್ಟುಕೊಂಡು, ಹೊರಗೆ ನೋಡುತ್ತ ಕೂತಿದ್ದಳು. ಖರೇ ಹೇಳಿದ ಮೇಲೆ ಹಗುರಾಗುತ್ತದೆಂದುಕೊಂಡಿದ್ದಳು. ಆಗಲಿಲ್ಲ. ಖರೇ ಹೇಳಿ ನೀರನ್ನೂ ಕುಡಿದಿದ್ದರೆ ಅತ್ತೆ ಇವತ್ತೇ ಮನೆ ಕಳೆದುಕೊಳ್ಳುತ್ತಿದ್ದಳು. ಕುಡಿಯದಿದ್ದುದಕ್ಕೆ ಉಗಾದಿ ತನಕವಾದರೂ ಉಳಿಯಿತು. ಹೀಗಾಗುತ್ತದೆಂದು ತನಗೆ ಒಳಗೊಳಗೇ ಗೊತ್ತಿತ್ತೆ? ಗೊತ್ತಿದ್ದೇ ಬೇಡವೆಂದೆನೆ? ಕೇಳಿದಷ್ಟೂ ಉತ್ತರ ಬದಲಾಗುತ್ತಿತ್ತು.

ದೇವದುರ್ಗದಲ್ಲಿ ಪಂಪಾಪತಿ ಮಾನ್ವಿಯ ಬಸ್ಸಿಗೆ ಹೋದ. ರಾಯಚೂರಿನ ಬಸ್ಸು ಆಗಲೇ ನಿಂತಿತ್ತು. ವಿಶಾಖಾ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತ ಮೇಲೆ, ಸೂಗಮ್ಮ ಎಲ್ಲಿಂದಲೋ ಬಂದು ಕಿಟಕಿಯ ಕಂಬಿ ಹಿಡಿದು ನಿಂತಳು. ಕಣ್ಣು ಕೆಂಪಾಗಿದ್ದವು. ಸೊಂಟದಲ್ಲಿ ಮನೆಯ ಕೀಲಿ ಸಿಕ್ಕಿಸಿದ್ದು ಕಾಣುತ್ತಿತ್ತು.

“ಖರೇನಽ ಸೂಗಿ ಅಂದ್ಲಾ?”

“ಅಂದ್ಲು.”

“ನಾ ನಳದ ಹಂತ್ಯಾಕ ನಿಂತಿದ್ದೆ. ಕೊನಿಗಳಿಗ್ಯಾಗ ನಾ ಇಲ್ಲ ಅಂತ ತಿಳ್ಕೊಂಡು ಹೋದ್ಲೇನೋ ಅಂತ...” ಸೂಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. “ನಾ ಅದೀನಿ ಅಂತಽ ತಿಳ್ಕೊಂಡ್ಲಾ?”

“ಹ್ಞೂಂ ಅತ್ತಿ. ನೀನಽ ಅಂತ ಕೈ ಹಿಡದಿದ್ಲು.”

“ಆಣಿ ಮಾಡು.”

ಬಾಯಿಂದ ಬಂದ ಮೇಲೆ ಸೂಗಮ್ಮನಿಗೇ ಅದು ತಿಳಿಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಡ್ರೈವರ್ ಹತ್ತಿ ಹಾರ್ನ್ ಹೊಡೆದ. ವಿಶಾಖಾಳಿಗೆ ಇಡಲು ಯಾವ ಆಣೆಯೂ ಇರಲಿಲ್ಲ.

“ಅಂದ್ಲು ಅತ್ತಿ,” ಎಂದಳು ಮತ್ತೆ, ಅಷ್ಟೇ ಮೆಲ್ಲಗೆ.

ಸೂಗಮ್ಮ ಅವಳ ಮುಖವನ್ನು ಸಂತೆಯಲ್ಲಿ ಬದನೆಕಾಯಿ ತಿರುಗಿಸಿ ನೋಡುವಂತೆ ನೋಡಿದಳು. ಬಸ್ಸು ಅಲುಗಿತು. ಅವಳು ಎರಡು ಹೆಜ್ಜೆ ಜತೆಗೇ ಬಂದು, ಕಿಟಕಿಯೊಳಗೆ ಕೈ ಹಾಕಿ, ವಿಶಾಖಾಳ ಮಡಿಲಲ್ಲಿದ್ದ ಒದ್ದೆ ಗಂಟನ್ನು ದೂಡಿದಳು.

“ಅದನ್ನ ಮಡ್ಲಾಗ ಯಾಕಿಟ್ಕೊಂಡಿ? ನೆಗಡಿ ಹತ್ತೀತು. ಮದ್ಲಽ ನಿನ್ನ ಕಾಯಾಕ ಮ್ಯಾಲೆ ಯಾರೂ ಇಲ್ಲ!”

ಸಿಟ್ಟೋ, ನಗೆಯೋ, ತಿಳಿಯುವಷ್ಟರಲ್ಲಿ ಬಸ್ಸು ತಿರುಗಿತು. ವಿಶಾಖಾ ಗಂಟನ್ನು ಕೆಳಗಿಟ್ಟಳು. ರಾಯಚೂರಿನ ಹತ್ತಿರದ ಕಲ್ಮಲ ದಾಟುವ ಹೊತ್ತಿಗೂ ಮೊಣಕಾಲ ಮೇಲಿನ ಹಸಿ ಆರಿರಲಿಲ್ಲ.